ಕಡ್ಡಿಯನ್ನು ಎಲ್ಲಿಂದ ಕೊಯ್ಯಬೇಕು? ಜೀವಕೋಶಗಳ ಕಸುಬು ಮತ್ತು ನೆನಪು

ಕಾಳುಮೆಣಸಿನ ಒಂದೇ ಬಳ್ಳಿಯಿಂದ ಎರಡು ಕಡ್ಡಿಗಳನ್ನು ಕೊಯ್ದುಕೊಳ್ಳಿರಿ. ಒಂದು, ಬುಡದಲ್ಲಿ ಹುಟ್ಟಿ ನೆಲದ ಮೇಲೆ ಹರಿಯುವ ಹಬ್ಬುಬಳ್ಳಿಯದು. ಇನ್ನೊಂದು, ಮೇಲುಗಡೆ ಕಾಳು ಬಿಡುವ ಅಡ್ಡರೆಂಬೆಯದು. ಎರಡನ್ನೂ ಒಂದೇ ಮಣ್ಣು ತುಂಬಿದ ಪಾಲಿಥೀನ್ ಚೀಲಗಳಲ್ಲಿ ನೆಟ್ಟು, ಒಂದೇ ನೆರಳಿನಲ್ಲಿಟ್ಟು ನೀರು ಹಾಕಿರಿ. ಬೇರು ಬಂದು ಚಿಗುರಿದ ಮೇಲೆ ಮೊದಲನೆಯದು ಗಂಟುಗಂಟಿಗೂ ಅಂಟುಬೇರು ಬಿಟ್ಟುಕೊಂಡು ಹಾಲುವಾಣದ ಮರವನ್ನು ಹತ್ತುತ್ತದೆ. ಎರಡನೆಯದು ಹತ್ತುವುದೇ ಇಲ್ಲ. ಪಕ್ಕದಲ್ಲಿ ಎಷ್ಟು ಒಳ್ಳೆಯ ಆಸರೆ ಮರವಿದ್ದರೂ ಅದಕ್ಕೆ ಲಕ್ಷ್ಯವಿಲ್ಲ. ಮೊಣಕಾಲೆತ್ತರದ ಪೊದೆಯಾಗಿ ಕುಳಿತು, ವರ್ಷ ತುಂಬುವುದರೊಳಗೇ ಕಾಳಿನ ಗೊಂಚಲು ತೋರಿಸುತ್ತದೆ. ಇದೇ ಪೊದೆ ಮೆಣಸು.

ತಾಯಿ ಒಂದೇ, ತಳಿ ಒಂದೇ, ಆರೈಕೆಯೂ ಒಂದೇ. ಆದರೂ ಒಂದು ಬಳ್ಳಿಯಾಯಿತು, ಒಂದು ಪೊದೆಯಾಯಿತು. ತಾಯಿಬಳ್ಳಿಯಿಂದ ಬೇರ್ಪಟ್ಟು ಚೀಲಕ್ಕೆ ಬಂದ ಮೇಲೂ ಅಡ್ಡರೆಂಬೆಯ ಕಣ್ಣು ತಾನು ಅಡ್ಡರೆಂಬೆಯೆಂಬುದನ್ನು ಮರೆಯಲಿಲ್ಲ. ಇದು ತಿಳಿಯದೆ ಅಡ್ಡರೆಂಬೆಯ ಸಸಿಗಳನ್ನು ಅಡಿಕೆ ಮರದ ಬುಡಕ್ಕೆ ನೆಟ್ಟವರು ಬಳ್ಳಿ ಮೇಲೇರುವುದನ್ನು ಮೂರು ನಾಲ್ಕು ವರ್ಷ ಕಾದು ಕುಳಿತುಕೊಳ್ಳಬೇಕಾಗುತ್ತದೆ. ಗೊಬ್ಬರ ಹೆಚ್ಚಿಸಿದರೂ ನೆರಳು ಕಡಿದರೂ ಅದು ಏರದು. ಈ ನೆನಪು ಎಲ್ಲಿರುತ್ತದೆ, ಹೇಗೆ ಉಳಿಯುತ್ತದೆ, ಯಾವಾಗ ಅಳಿಯುತ್ತದೆ ಎಂಬುದನ್ನು ರೈತ ಬಾಂಧವರು ಅರಿತರೆ ಕಡ್ಡಿ ಆರಿಸುವಾಗಲೂ ಸಸಿ ಕೊಳ್ಳುವಾಗಲೂ ಉಪಯೋಗವಾಗುತ್ತದೆ.

ಒಂದು ಕೋಶದಿಂದ ಹಲವು ಕಸುಬು

ಗಿಡವಾಗಲಿ ದನವಾಗಲಿ ಜೀವಕೋಶಗಳೆಂಬ ಸಣ್ಣ ಸಣ್ಣ ಕೋಣೆಗಳಿಂದ ಕಟ್ಟಲ್ಪಟ್ಟಿದೆ ಎಂಬುದು ತಮಗೆಲ್ಲ ತಿಳಿದದ್ದೇ. ಭತ್ತದ ಹೂವಿನಲ್ಲಿ ಪರಾಗ ಮತ್ತು ಅಂಡ ಕೂಡಿದಾಗ ಉಂಟಾಗುವುದು ಒಂದೇ ಒಂದು ಕೋಶ. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಹೋಗಿ ಕೊನೆಗೆ ಬೇರು, ದಂಟು, ಎಲೆ, ತೆನೆ ಎಲ್ಲವೂ ಆಗುತ್ತದೆ. ಬೇರಿನ ತುದಿಯ ಕೂದಲುಕೋಶ ನೀರು ಹೀರುತ್ತದೆ. ಎಲೆಯ ಹಸಿರುಕೋಶ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ದಂಟಿನೊಳಗಿನ ನೀರ್ನಾಳದ ಕೋಶವಂತೂ ತನ್ನ ಗೋಡೆಯನ್ನು ಗಟ್ಟಿಮಾಡಿಕೊಂಡು, ಒಳಗಿನದನ್ನೆಲ್ಲ ಬರಿದುಮಾಡಿಕೊಂಡು, ಸತ್ತ ಮೇಲೆಯೇ ಕೆಲಸಕ್ಕೆ ಬರುತ್ತದೆ. ಹಸುವಿನ ಗರ್ಭದಲ್ಲೂ ಹೀಗೆಯೇ. ಒಂದು ಕೋಶದಿಂದ ಹೊರಟು ಚರ್ಮ, ಯಕೃತ್ತು, ನರ, ಕೆಚ್ಚಲು ಎಲ್ಲವೂ ಬೇರೆ ಬೇರೆಯಾಗುತ್ತವೆ.

ಹೀಗೆ ಬೇರೆಯಾಗುವುದು ಹೇಗೆ? ಜರ್ಮನಿಯ ಜೀವವಿಜ್ಞಾನಿ ವೈಸ್‌ಮನ್ 19ನೆಯ ಶತಮಾನದ ಕೊನೆಯಲ್ಲಿ ಒಂದು ಉತ್ತರ ಕೊಟ್ಟಿದ್ದ. ಕೋಶ ಒಡೆಯುವಾಗ ವಂಶದ ಆಸ್ತಿಯೂ ಅಣ್ಣತಮ್ಮಂದಿರ ಪಾಲಿನಂತೆ ಹಂಚಿಹೋಗುತ್ತದೆ, ಎಲೆಯ ಕೋಶಕ್ಕೆ ಎಲೆಯ ಪಾಲು, ಬೇರಿನ ಕೋಶಕ್ಕೆ ಬೇರಿನ ಪಾಲು ಮಾತ್ರ ಉಳಿಯುತ್ತದೆ ಎಂದು. ಕೇಳಲು ಸರಿಯೆನಿಸುವ ಮಾತು. ಆದರೆ ಕಬ್ಬಿನ ತುಂಡು, ದಾಸವಾಳದ ಕಡ್ಡಿ ನೆಟ್ಟು ಬೆಳೆಸುವ ರೈತನಿಗೆ ಇದರಲ್ಲಿ ಸಂಶಯ ಬರಬೇಕು. ದಂಟಿನ ಕೋಶದಲ್ಲಿ ಬೇರಿನ ಪಾಲು ಇಲ್ಲದಿದ್ದರೆ ಕಡ್ಡಿಗೆ ಬೇರು ಬರುವುದಾದರೂ ಎಲ್ಲಿಂದ?

1958ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸ್ಟೂವರ್ಡ್ ಮತ್ತು ಸಂಗಡಿಗರು ಈ ಪ್ರಶ್ನೆಗೆ ಸ್ಪಷ್ಟ ಉತ್ತರ ತೋರಿಸಿದರು. ಗಜ್ಜರಿ ಗಡ್ಡೆಯ ಒಳಭಾಗದ ಕೋಶಗಳನ್ನು ಬಿಡಿಸಿ, ಪೋಷಕ ದ್ರಾವಣದಲ್ಲಿ ತೆಂಗಿನ ಎಳನೀರು ಬೆರೆಸಿ, ಬುರುಡೆಗಳಲ್ಲಿ ತಿರುಗಿಸುತ್ತ ಬೆಳೆಸಿದರು. ಆಹಾರ ಶೇಖರಿಸುವ ಕಸುಬಿನಲ್ಲಿದ್ದ ಆ ಕೋಶಗಳಿಂದ ಬೇರು, ಚಿಗುರುಳ್ಳ ಇಡೀ ಗಜ್ಜರಿ ಗಿಡಗಳೇ ಬಂದವು. ನಮ್ಮ ದೇಶದಲ್ಲೂ 1964ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಸಿಪ್ರಾ ಗುಹಾ ಮತ್ತು ಸತೀಶ್ ಚಂದ್ರ ಮಹೇಶ್ವರಿ ಅವರು ದತ್ತೂರಿ ಹೂವಿನ ಪರಾಗಕೋಶಗಳಿಂದಲೇ ಸಸಿಗಳನ್ನು ಎಬ್ಬಿಸಿ ಲೋಕದ ಗಮನ ಸೆಳೆದರು.

ಪ್ರಾಣಿಗಳಲ್ಲಿ ಇದನ್ನು ತೋರಿಸುವುದು ಇನ್ನೂ ಕಷ್ಟವಾಯಿತು. ಇಂಗ್ಲೆಂಡಿನ ಜಾನ್ ಗರ್ಡನ್ ಕಪ್ಪೆಮರಿಯ ಕರುಳಿನ ಕೋಶದ ಕೇಂದ್ರವನ್ನು ತೆಗೆದು, ಕೇಂದ್ರ ನಾಶಮಾಡಿದ ಕಪ್ಪೆಯ ಮೊಟ್ಟೆಯೊಳಗೆ ಸೇರಿಸಿ ಮತ್ತೆ ಗೊದಮೊಟ್ಟೆಗಳನ್ನು ಪಡೆದರು. ಆ ವರದಿ 1962ರಲ್ಲಿ ಪ್ರಕಟವಾಯಿತು. ಆಮೇಲೆ ಬಂದದ್ದು 1996ರ ಜುಲೈ 5ರಂದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿದ ಡಾಲಿ ಎಂಬ ಕುರಿ. ಆರು ವರ್ಷದ ಒಂದು ಕುರಿಯ ಕೆಚ್ಚಲಿನ ಕೋಶದಿಂದ ಅದು ಬಂದಿತು. ಹಾಲಿನ ಕಸುಬಿಗೆ ಇಳಿದು ವರ್ಷಗಳಾಗಿದ್ದ ಕೋಶದಲ್ಲೂ ಇಡೀ ಕುರಿಯನ್ನು ಕಟ್ಟುವ ವಿವರ ಒಂದೂ ಕಳೆಯದೆ ಉಳಿದಿತ್ತು. ಆದರೆ 277 ಬಾರಿ ಪ್ರಯತ್ನಿಸಿದಾಗ ಒಂದು ಮರಿ ದಕ್ಕಿತು ಎಂಬುದನ್ನೂ ಮರೆಯಬಾರದು. ನಮ್ಮಲ್ಲಿ ಕರ್ನಾಲದ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ 2009ರಲ್ಲಿ ಇದೇ ಬಗೆಯ ವಿಧಾನದಿಂದ ಎಮ್ಮೆಕರುಗಳನ್ನು ಪಡೆಯಿತು.

ಎಲ್ಲರ ಮನೆಯಲ್ಲೂ ಒಂದೇ ಪಂಚಾಂಗ

ಹಾಗಾದರೆ ಪ್ರತಿಯೊಂದು ಕೋಶದಲ್ಲೂ ಪೂರ್ತಿ ಆಸ್ತಿ ಇದೆ. ಪಾಲಾಗಿಲ್ಲ. ಇದನ್ನು ಪಂಚಾಂಗಕ್ಕೆ ಹೋಲಿಸಬಹುದು. ಊರಿನ ಎಲ್ಲ ಮನೆಗಳಲ್ಲೂ ಒಂದೇ ಪಂಚಾಂಗ ತೂಗುಹಾಕಿರುತ್ತದೆ. ಒಕ್ಕಲಿಗ ಅದರಲ್ಲಿ ಮಳೆ ನಕ್ಷತ್ರ ನೋಡುತ್ತಾನೆ, ಪುರೋಹಿತರು ಮುಹೂರ್ತ ನೋಡುತ್ತಾರೆ, ವ್ಯಾಪಾರಿ ಸಂತೆ ಜಾತ್ರೆಗಳ ದಿನ ನೋಡುತ್ತಾನೆ. ಪುಸ್ತಕ ಒಂದೇ, ತೆರೆಯುವ ಪುಟ ಬೇರೆ.

ಕೋಶದ ಪಂಚಾಂಗವೆಂದರೆ ಅದರ ಕೇಂದ್ರದಲ್ಲಿರುವ ಡಿ.ಎನ್.ಎ. ಎಂಬ ಎರಡೆಳೆಯ ಹುರಿ. ಒಂದೊಂದು ಕೆಲಸಕ್ಕೆ ಬೇಕಾದ ವಿವರವಿರುವ ಅದರ ಒಂದೊಂದು ಭಾಗಕ್ಕೆ ವಂಶವಾಹಿ ಅಥವಾ ಜೀನು ಎನ್ನುತ್ತೇವೆ. ಭತ್ತದಲ್ಲಿ ಇಂಥವು ಸುಮಾರು 40 ಸಾವಿರ ಇವೆ. ಎಲೆಯ ಕೋಶದಲ್ಲಿ ಹಸಿರು ತಯಾರಿಸುವ ಜೀನುಗಳು ತೆರೆದಿರುತ್ತವೆ, ಬೇರುಗೂದಲಿನ ಜೀನುಗಳು ಮುಚ್ಚಿರುತ್ತವೆ. ಬೇರಿನಲ್ಲಿ ಅದರ ವಿರುದ್ಧ. ಉಸಿರಾಟ ಮೊದಲಾದ ದಿನಬಳಕೆಯ ಜೀನುಗಳು ಮಾತ್ರ ಎಲ್ಲ ಕಡೆಯೂ ತೆರೆದಿರುತ್ತವೆ.

ಯಾವ ಕೋಶ ಯಾವ ಪುಟ ತೆರೆಯಬೇಕೆಂದು ಹೇಳುವವರು ಯಾರು? ಯಾರೂ ಯಜಮಾನರಿಲ್ಲ. ಕೋಶ ಇರುವ ಜಾಗ, ಅದರ ನೆರೆಹೊರೆ, ಹರಿದುಬರುವ ಹಾರ್ಮೋನುಗಳು ಸೇರಿ ಇದನ್ನು ನಿರ್ಧರಿಸುತ್ತವೆ. ಸಸ್ಯದ ಕೋಶ ಗೋಡೆ ಕಟ್ಟಿಕೊಂಡಿರುವುದರಿಂದ ಹುಟ್ಟಿದಲ್ಲಿಂದ ಕದಲುವಂತಿಲ್ಲ. ಆದುದರಿಂದ ಅದಕ್ಕೆ ಜಾಗವೇ ಮುಖ್ಯ. ಚಿಗುರಿನ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಸದಾ ಬುಡದ ಕಡೆಗೆ ಇಳಿಯುತ್ತಿರುತ್ತದೆ. ಕಡ್ಡಿ ಕೊಯ್ದಾಗ ಅದು ಕೊಯ್ದ ಬುಡದಲ್ಲಿ ಬಂದು ನಿಲ್ಲುತ್ತದೆ, ಅಲ್ಲಿನ ಕೆಲವು ಕೋಶಗಳು ಬೇರಿನ ಪುಟ ತೆರೆಯುತ್ತವೆ. ನರ್ಸರಿಯಲ್ಲಿ ಕಡ್ಡಿಯ ಬುಡವನ್ನು ಐ.ಬಿ.ಎ. ದ್ರಾವಣದಲ್ಲಿ ಅದ್ದುವುದು ಇದೇ ಕೆಲಸಕ್ಕೆ ಒತ್ತಾಸೆ ಕೊಡಲು. ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೂ ಬೇರು ಬರುವುದು ಮೊದಲು ಕೆಳಗಿದ್ದ ತುದಿಯ ಕಡೆಯಿಂದಲೇ. ಮೇಲು ಯಾವುದು, ಕೆಳಗು ಯಾವುದು ಎಂಬುದೂ ಕೋಶಗಳ ನೆನಪಿನಲ್ಲಿ ಸೇರಿದೆ.

1957ರಲ್ಲಿ ಅಮೆರಿಕದ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ದಂಟಿನ ತಿರುಳಿನಲ್ಲಿ ಇದನ್ನು ಅಳೆದು ತೋರಿಸಿದರು. ಪೋಷಕ ಮಾಧ್ಯಮದಲ್ಲಿ ಆಕ್ಸಿನ್ ಪ್ರಮಾಣ ಹೆಚ್ಚಿದ್ದರೆ ಬೇರು, ಸೈಟೊಕೈನಿನ್ ಹೆಚ್ಚಿದ್ದರೆ ಚಿಗುರು, ಎರಡೂ ಸಮವಾಗಿದ್ದರೆ ಯಾವ ಕಸುಬೂ ಇಲ್ಲದ ಕೋಶಗಳ ಮುದ್ದೆ. ಈ ಮುದ್ದೆಗೆ ಕ್ಯಾಲಸ್ ಎಂದು ಹೆಸರು. ಕಸಿ ಕಟ್ಟಿದ ಗಾಯದಲ್ಲಿ ಉಬ್ಬಿಬರುವುದೂ ಇದೇ. ಇಂದಿನ ಅಂಗಾಂಶ ಕೃಷಿ ಪ್ರಯೋಗಾಲಯಗಳೆಲ್ಲ ಈ ಅಳತೆಯ ಮೇಲೆಯೇ ನಡೆಯುತ್ತಿವೆ.

ತೆರೆದ ಪುಟ ತೆರೆದೇ ಇರುವುದು ಹೇಗೆ?

ಒಮ್ಮೆ ಆರಿಸಿಕೊಂಡ ಕಸುಬನ್ನು ಕೋಶ ಬಿಡುವುದಿಲ್ಲ ಎಂಬುದು ನಮ್ಮ ವಿಷಯದ ತಿರುಳು. ಇಂಗ್ಲೆಂಡಿನ ವಾಡಿಂಗ್ಟನ್ 1957ರ ತಮ್ಮ ಪುಸ್ತಕವೊಂದರಲ್ಲಿ ಇದನ್ನು ಕವಲುಕವಲಾದ ಕಣಿವೆಗಳಲ್ಲಿ ಉರುಳುವ ಗುಂಡಿಗೆ ಹೋಲಿಸಿದರು. ನಮಗೆ ಗುಂಡಿಗಿಂತ ಮಳೆನೀರೇ ಹತ್ತಿರದ ಹೋಲಿಕೆ. ಸಕಲೇಶಪುರದ ಕಡೆ ಘಟ್ಟದ ನೆತ್ತಿಯಲ್ಲಿ ಒಂದೇ ಮಳೆಯ ಎರಡು ಹನಿಗಳು ಗೇಣಿನ ಅಂತರದಲ್ಲಿ ಬಿದ್ದರೆ, ಒಂದು ಹೇಮಾವತಿಗೆ ಸೇರಿ ಕಾವೇರಿಯೊಂದಿಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಇನ್ನೊಂದು ಕುಮಾರಧಾರೆಗೆ ಇಳಿದು ನೇತ್ರಾವತಿಯೊಂದಿಗೆ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ನೆತ್ತಿಯಲ್ಲಿ ಒಂದು ಗಾಳಿ ಬೀಸಿದರೂ ದಿಕ್ಕು ಬದಲಾದೀತು. ಕಣಿವೆಗೆ ಇಳಿದ ಮೇಲೆ ಬದಲಾಗದು.

ಕೋಶದಲ್ಲಿ ಕಣಿವೆಯನ್ನು ಕೊರೆಯುವುದು ಯಾವುದು? ಒಂದಕ್ಕಿಂತ ಹೆಚ್ಚು ಏರ್ಪಾಡುಗಳಿವೆ. ಕೆಲವು ಜೀನುಗಳ ಕೆಲಸವೇ ಬೇರೆ ಜೀನುಗಳನ್ನು ತೆರೆಯುವುದು ಅಥವಾ ಮುಚ್ಚುವುದು. ಇವುಗಳಲ್ಲಿ ಹಲವು ತಮ್ಮನ್ನೂ ತಾವೇ ತೆರೆದಿಟ್ಟುಕೊಳ್ಳುತ್ತವೆ. ಒಮ್ಮೆ ಹೊತ್ತಿಕೊಂಡ ಒಲೆ ತನ್ನ ಸೌದೆಯನ್ನು ತಾನೇ ಎಳೆದುಕೊಂಡಂತೆ. ಎರಡನೆಯದಾಗಿ, ಡಿ.ಎನ್.ಎ. ಹುರಿಯು ಪ್ರೋಟೀನಿನ ಉಂಡೆಗಳಿಗೆ ನೂಲಿನಂತೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಓದಲು ಆಗುವುದಿಲ್ಲ, ಸಡಿಲವಾದ ಕಡೆ ಓದಬಹುದು.

ಮೂರನೆಯದೇ ನಮಗೆ ಇಲ್ಲಿ ಬಹಳ ಬೇಕಾದದ್ದು. ಡಿ.ಎನ್.ಎ. ಹುರಿಯ ಮೇಲೆ ಕೆಲವು ಜಾಗಗಳಲ್ಲಿ ಮೀಥೈಲ್ ಎಂಬ ಅತಿ ಸಣ್ಣ ರಾಸಾಯನಿಕ ಗುರುತು ಅಂಟಿಕೊಂಡಿರುತ್ತದೆ. ಅಕ್ಷರ ಬದಲಾಗುವುದಿಲ್ಲ, ಅಕ್ಷರದ ಮೇಲೊಂದು ಬೊಟ್ಟು ಇಟ್ಟಂತೆ, ಅಷ್ಟೇ. ಸಾಮಾನ್ಯವಾಗಿ ಇಂಥ ಗುರುತು ದಟ್ಟವಾಗಿ ಬಿದ್ದ ಭಾಗ ಮುಚ್ಚಿದ ಪುಟವಾಗುತ್ತದೆ. ಕೋಶ ಒಡೆಯುವಾಗ ಎರಡೆಳೆಯ ಹುರಿ ಬಿಚ್ಚಿ, ಒಂದೊಂದು ಹಳೆಯ ಎಳೆಗೆ ಒಂದೊಂದು ಹೊಸ ಎಳೆ ಜೋಡಿಯಾಗುತ್ತದೆ. ಹಳೆಯ ಎಳೆಯಲ್ಲಿ ಬೊಟ್ಟು ಇದೆ, ಹೊಸದರಲ್ಲಿ ಇಲ್ಲ. ಆಗ ಒಂದು ಕಿಣ್ವವು ಹುರಿಯ ಉದ್ದಕ್ಕೂ ಸಾಗಿ, ಹಳೆಯ ಎಳೆಯಲ್ಲಿ ಬೊಟ್ಟು ಕಂಡಲ್ಲೆಲ್ಲ ಎದುರಿನ ಹೊಸ ಎಳೆಗೂ ಇಡುತ್ತದೆ. ಜಮೀನು ಅಳೆಯುವವರು ಹಳೆಯ ಬಾಂದುಕಲ್ಲು ನೋಡಿಕೊಂಡು ಹೊಸ ನಕ್ಷೆಯಲ್ಲಿ ಗುರುತು ಹಾಕುವಂತೆ. ಹೀಗೆ ತಾಯಿಕೋಶದಲ್ಲಿ ಮುಚ್ಚಿದ್ದ ಪುಟ ಮಗಳುಕೋಶದಲ್ಲೂ ಮುಚ್ಚಿಯೇ ಇರುತ್ತದೆ. ಕೋಶದ ನೆನಪು ಹೀಗೆ ಉಳಿಯಬಹುದೆಂಬ ಊಹೆಯನ್ನು ಇಂಗ್ಲೆಂಡಿನ ಹಾಲಿಡೇ ಮತ್ತು ಅಮೆರಿಕದ ರಿಗ್ಸ್ 1975ರಲ್ಲಿ ಬೇರೆ ಬೇರೆಯಾಗಿ ಮುಂದಿಟ್ಟರು. ಮುಂದೆ ಆ ಕಿಣ್ವಗಳೂ ಸಿಕ್ಕವು.

ಈ ನೆನಪಿನ ಬಿಗಿ ಗಿಡಕ್ಕೂ ಪ್ರಾಣಿಗೂ ಒಂದೇ ಸಮನಲ್ಲ. ಕೆಚ್ಚಲು ಬಾವು ಹಳೆಯದಾಗಿ ಹಾಲಿನ ಕೋಶಗಳು ನಾಶವಾದರೆ ಆ ಜಾಗದಲ್ಲಿ ಗಟ್ಟಿಯಾದ ನಾರಿನ ಅಂಗಾಂಶ ತುಂಬಿಕೊಳ್ಳುತ್ತದೆ. ನಾರಿನ ಕೋಶ ನಾರಿನ ಕೋಶವನ್ನೇ ಹಡೆಯುತ್ತದೆ, ಹಾಲಿನ ಕೋಶವನ್ನು ಹಡೆಯದು. ಆ ಮೊಲೆ ಬತ್ತಿದಂತೆಯೇ. ಗಿಡ ಇಷ್ಟು ಕಟ್ಟುನಿಟ್ಟಲ್ಲ. ದನ ಮೇಯ್ದರೂ ಕೊಂಬೆ ಮುರಿದರೂ ಓಡಿಹೋಗಲಾರದ ಜೀವ ಅದು, ಮತ್ತೆ ಚಿಗುರಲೇಬೇಕು. ಕೊಯ್ದ ಜಾಗದ ಕೋಶಗಳು ಹಳೆಯ ಕಸುಬು ಬಿಟ್ಟು ಬೇರಾಗಲು ಒಪ್ಪುತ್ತವೆ. ಆದರೆ ಚಿಗುರಿನ ಕಣ್ಣು ತಾನು ಎಂಥ ಚಿಗುರೆಂಬುದನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಪೊದೆ ಮೆಣಸಿನ ಕಡ್ಡಿಗೆ ಬೇರು ಬಂದಿತು, ಆದರೆ ಚಿಗುರು ಅಡ್ಡರೆಂಬೆಯಾಗಿಯೇ ಉಳಿಯಿತು.

ತೋಟದಲ್ಲಿ ಈ ನೆನಪು

ಮೆಣಸಿನ ಬಳ್ಳಿಯಲ್ಲಿ ಮೂರು ಬಗೆಯ ಚಿಗುರುಗಳಿವೆ. ಮರವನ್ನಪ್ಪಿ ನೆಟ್ಟಗೆ ಏರುವ ಮುಖ್ಯಬಳ್ಳಿ, ಬುಡದ ಹಬ್ಬುಬಳ್ಳಿ, ಕಾಳು ಬಿಡುವ ಅಡ್ಡರೆಂಬೆ. ಬಳ್ಳಿ ಬೇಕಾದವರು ಹಬ್ಬುಬಳ್ಳಿಯನ್ನೇ ಆರಿಸಬೇಕು. ಒಳ್ಳೆಯ ಇಳುವರಿಯ ತಾಯಿಬಳ್ಳಿಯನ್ನು ಮೊದಲೇ ಗುರುತಿಸಿ, ಹಬ್ಬುಬಳ್ಳಿಗಳು ನೆಲಕ್ಕೆ ತಾಗಿ ಬೇರೂರದಂತೆ ಬುಡದಲ್ಲಿ ಗೂಟಕ್ಕೆ ಸುತ್ತಿಡಿ. ಫೆಬ್ರವರಿ–ಮಾರ್ಚ್‌ನಲ್ಲಿ ಕೊಯ್ದು, ತೀರ ಎಳೆಯದಾದ ತುದಿಯನ್ನೂ ತೀರ ಬಲಿತ ಬುಡವನ್ನೂ ಬಿಟ್ಟು, ನಡುವಣ ಭಾಗವನ್ನು ಎರಡು ಮೂರು ಗಂಟಿನ ತುಂಡುಗಳಾಗಿ ಮಾಡಿ ನೆಡಿ. ಏರುಬಳ್ಳಿಯ ತುದಿಯನ್ನೂ ನೆಡಬಹುದು, ಅದು ಬೇಗ ಫಸಲಿಗೂ ಬರುತ್ತದೆ, ಆದರೆ ತಾಯಿಬಳ್ಳಿಯ ತಲೆಯನ್ನೇ ಕೊಯ್ದಂತಾಗುತ್ತದೆ.

ಅಂಗಳದ ಕುಂಡದಲ್ಲಿ ಮನೆಖರ್ಚಿಗೆ ಮೆಣಸು ಬೇಕೆನ್ನುವವರಿಗೆ, ಏಣಿ ಹತ್ತಿ ಕೊಯ್ಯಲಾರದವರಿಗೆ ಪೊದೆ ಮೆಣಸು ಒಳ್ಳೆಯದು. ಇದಕ್ಕೆ ಸುಮಾರು ಒಂದು ವರ್ಷ ಬಲಿತ ಅಡ್ಡರೆಂಬೆಯಿಂದ ಮೂರರಿಂದ ಐದು ಗಂಟಿನ ಕಡ್ಡಿ ಕೊಯ್ದು, ಬುಡವನ್ನು 1000 ಪಿ.ಪಿ.ಎಂ. ಐ.ಬಿ.ಎ. ದ್ರಾವಣದಲ್ಲಿ ನಿಮಿಷದೊಳಗೆ ಅದ್ದಿ ತೆಗೆದು ನೆಡಬೇಕು. ಅಡ್ಡರೆಂಬೆಗೆ ಅಂಟುಬೇರು ಇಲ್ಲದ ಕಾರಣ ಬೇರು ಬರುವುದು ತಡ, ಎಲ್ಲ ಕಡ್ಡಿಗಳೂ ಉಳಿಯುವುದಿಲ್ಲ. ಸೊರಗು ರೋಗವನ್ನು ತಡೆಯುವ ಪೈಪರ್ ಕೊಲುಬ್ರಿನಂ ಎಂಬ ಬೇರೆಯೇ ಜಾತಿಯ ಬೇರುಗಿಡದ ಮೇಲೆ ಅಡ್ಡರೆಂಬೆಯನ್ನು ಕಸಿ ಮಾಡುವುದೂ ಉಂಟು. ಪರಜಾತಿಯ ಬೇರಿನ ಮೇಲೆ ಕುಳಿತರೂ ಅದು ಪೊದೆಯಾಗಿಯೇ ಬೆಳೆಯುತ್ತದೆ. ಪೊದೆಯ ಬುಡದಲ್ಲಿ ಎಂದಾದರೂ ಹಬ್ಬುಬಳ್ಳಿಯೊಂದು ಹೊರಟರೆ ಕತ್ತರಿಸಿ ತೆಗೆಯಿರಿ, ಇಲ್ಲವಾದರೆ ಪೊದೆಯ ಆಹಾರವನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ.

ಕಾಫಿ ಬೆಳೆಗಾರರಿಗೆ ಈ ವಿಷಯ ಬೇರೊಂದು ಹೆಸರಿನಲ್ಲಿ ಗೊತ್ತಿದೆ. ಗಿಡದ ನೆಟ್ಟನೆಯ ಚಿಗುರು ಕಂಬಚಿಗುರು, ಅಡ್ಡಲಾಗಿ ಹರಡಿ ಹಣ್ಣು ಬಿಡುವುದು ರೆಕ್ಕೆ. ಕಂಬದ ಪ್ರತಿ ಎಲೆಯ ಕಂಕುಳಲ್ಲಿ ಎರಡು ಬಗೆಯ ಕಣ್ಣುಗಳಿವೆ. ಮೇಲಿನ ಒಂದೇ ಒಂದು ಕಣ್ಣು ರೆಕ್ಕೆಯಾಗುತ್ತದೆ. ಅದರ ಕೆಳಗೆ ಸಾಲಾಗಿರುವ ಕಣ್ಣುಗಳು ಎಷ್ಟು ಬಾರಿ ಚಿವುಟಿದರೂ ಕಂಬಚಿಗುರನ್ನೇ ಕೊಡುತ್ತವೆ. ಅದಕ್ಕೇ ಒಂದು ಗಂಟಿನ ಮೊದಲ ರೆಕ್ಕೆ ಕಾಂಡದಿಂದಲೇ ಕಿತ್ತುಹೋದರೆ ಆ ಗಂಟಿನಲ್ಲಿ ಮತ್ತೆ ರೆಕ್ಕೆ ಬರುವುದಿಲ್ಲ. ಗಿಡ ಬೋಳಿಸುವ ಆಳುಗಳಿಗೆ ಇದನ್ನು ಹೇಳಿಯೇ ಕತ್ತರಿ ಕೊಡಬೇಕು. ರೋಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ ಬೀಜದ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಒಳ್ಳೆಯ ಗಿಡವನ್ನು ಕಡ್ಡಿಯಿಂದಲೇ ಹೆಚ್ಚಿಸಬೇಕು. ಹಾಗೆ ಹೆಚ್ಚಿಸುವಾಗ ಕಂಬಚಿಗುರಿನ ಒಂದು ಗಂಟಿನ ತುಂಡುಗಳೇ ಆಗಬೇಕು. ರೆಕ್ಕೆಯ ಕಡ್ಡಿಗೆ ಬೇರು ಬಂದರೂ ಅದು ನೆಟ್ಟಗೆ ನಿಲ್ಲದೆ ನೆಲಕ್ಕೆ ಹರಡಿಕೊಂಡು ಬೆಳೆಯುತ್ತದೆ.

ಮಾವಿನಲ್ಲಿ ಉಳಿಯುವುದು ವಯಸ್ಸಿನ ನೆನಪು. ಓಟೆಯಿಂದ ಎದ್ದ ಗಿಡ ಹೂ ಬಿಡಲು ಆರರಿಂದ ಹತ್ತು ವರ್ಷ ಬೇಕು. ಫಲ ಕೊಡುವ ಮರದ ಕಡ್ಡಿಯನ್ನು ವರ್ಷದ ಸಸಿಗೆ ಕಸಿ ಮಾಡಿದರೆ ಮರುವರ್ಷವೇ ಹೂ ಕಾಣಿಸಿಕೊಳ್ಳುವುದುಂಟು. ಮೊದಲ ಮೂರು ವರ್ಷ ಆ ಹೂವನ್ನು ಕಿತ್ತುಹಾಕಿರಿ ಎಂದು ನಾವೇ ಹೇಳುತ್ತೇವೆ. ಗಿಡ ಚಿಕ್ಕದಾದರೂ ಕಸಿಕಡ್ಡಿಯ ಕೋಶಗಳಿಗೆ ತಾವು ಪ್ರಾಯಕ್ಕೆ ಬಂದಾಗಿದೆ ಎಂಬುದು ನೆನಪಿದೆ. ಇದು ಬರೇ ತಳಿಗುಣದ ಮಾತಲ್ಲ. ಒಳೂರು, ಬಪ್ಪಕಾಯಿ ಮುಂತಾದ ತಳಿಗಳ ಒಂದೇ ಓಟೆಯಿಂದ ಹಲವು ಸಸಿಗಳು ಏಳುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟಿ ಗುಣದಲ್ಲಿ ತಾಯಿಯ ಪಡಿಯಚ್ಚಾಗಿರುತ್ತವೆ. ಆದರೂ ಅವು ಎಳೆತನದಿಂದಲೇ ಹೊರಟು ವರ್ಷಗಟ್ಟಲೆ ಕಾಯಿಸುತ್ತವೆ.

ಎಂದರೆ ಬೀಜದ ಹಾದಿಯಲ್ಲಿ ಈ ನೆನಪು ಅಳಿದು, ಕೋಶ ಮತ್ತೆ ಬೆಟ್ಟದ ನೆತ್ತಿಗೆ ಹೋಗಿ ನಿಲ್ಲುತ್ತದೆ. ಮೆಣಸಿನಲ್ಲೂ ನೋಡಿರಿ, ಕಾಳು ಹುಟ್ಟುವುದು ಅಡ್ಡರೆಂಬೆಯಲ್ಲಿ. ಆದರೆ ಆ ಕಾಳನ್ನು ಬಿತ್ತಿದರೆ ಏಳುವುದು ಪೊದೆಯಲ್ಲ, ಮರ ಹತ್ತುವ ಬಳ್ಳಿ.

ನೆನಪನ್ನು ಅಳಿಸಿದರೆ ಏನಾಗುತ್ತದೆ?

ಬೀಜದಲ್ಲಿ ಪ್ರಕೃತಿ ಮಾಡುವ ಈ ಕೆಲಸವನ್ನು ಪ್ರಯೋಗಾಲಯದಲ್ಲಿ ನಾವು ಮಾಡಹೊರಟಾಗ ತೊಂದರೆಗಳೂ ಬಂದವು. ಅವುಗಳಲ್ಲಿ ದೊಡ್ಡದು ಮಲೇಷ್ಯಾದ ಎಣ್ಣೆತಾಳೆಯ ಕಥೆ.

ಎಣ್ಣೆತಾಳೆ ನಮ್ಮ ತೆಂಗು ಅಡಿಕೆಯ ಹಾಗೆ. ಒಂದೇ ಸುಳಿ, ಕವಲಿಲ್ಲ, ಕಂದಿಲ್ಲ. ಹೆಚ್ಚು ಇಳುವರಿಯ ಮರ ಸಿಕ್ಕರೆ ಅದರಿಂದ ಕಡ್ಡಿ ಕೊಯ್ಯುವಂತಿಲ್ಲ. ಆದುದರಿಂದ ಎಲೆ ಅಥವಾ ಬೇರಿನ ಚೂರಿನಿಂದ ಕ್ಯಾಲಸ್ ಮುದ್ದೆ ಬೆಳೆಸಿ, ಅದರಿಂದ ಸಾವಿರಾರು ಸಸಿ ಎಬ್ಬಿಸುವ ವಿಧಾನ ಹೊರಟಿತು. ಸಸಿಗಳು ಚೆನ್ನಾಗಿಯೇ ಬೆಳೆದವು. 1980ರ ದಶಕದಲ್ಲಿ ತೋಟಗಳಲ್ಲಿ ಹೂ ಬಿಡುವ ಹೊತ್ತಿಗೆ ಕೆಲವು ಮರಗಳಲ್ಲಿ ದೋಷ ಕಾಣಿಸಿತು. ಗಂಡು ಕೇಸರಗಳಾಗಬೇಕಾದವು ಹೆಣ್ಣಿನ ಭಾಗಗಳಂತಾಗಿ, ಕಾಯಿಯ ಸುತ್ತ ಅಂಗಿಯ ಮಡಿಕೆಯಂತೆ ಹೆಚ್ಚಿನ ತೊಳೆಗಳು ಬೆಳೆದವು. ದೋಷ ಹೆಚ್ಚಾಗಿದ್ದ ಮರಗಳಲ್ಲಿ ಕಾಯಿ ನಿಲ್ಲಲೇ ಇಲ್ಲ, ಎಣ್ಣೆಯೂ ಇಲ್ಲ. ನೆಟ್ಟು ಎರಡು ಮೂರು ವರ್ಷ ಗೊಬ್ಬರ, ಕೂಲಿ ಹಾಕಿದ ಮೇಲೆ ಗೊತ್ತಾಗುವ ನಷ್ಟ ಇದು. ಜೀನುಗಳ ಅಕ್ಷರಗಳಲ್ಲಿ ತಪ್ಪು ಹುಡುಕಿದರೆ ಏನೂ ಸಿಗಲಿಲ್ಲ.

2015ರಲ್ಲಿ ಮಲೇಷ್ಯಾ ತಾಳೆಎಣ್ಣೆ ಮಂಡಳಿಯ ವಿಜ್ಞಾನಿಗಳು ಹೊರದೇಶಗಳ ಸಹೋದ್ಯೋಗಿಗಳೊಡನೆ ‘ನೇಚರ್’ ಪತ್ರಿಕೆಯಲ್ಲಿ ಕಾರಣವನ್ನು ಪ್ರಕಟಿಸಿದರು. ಕೇಸರ ಯಾವುದೆಂದು ನಿರ್ಧರಿಸುವ ಜೀನಿನೊಳಗೆ ಒಂದು ಅಲೆಮಾರಿ ಡಿ.ಎನ್.ಎ. ತುಣುಕು ಹಿಂದೆಂದೋ ಬಂದು ನೆಲೆಸಿದೆ. ಒಳ್ಳೆಯ ಮರಗಳಲ್ಲಿ ಅದರ ಮೇಲೆ ಮೀಥೈಲ್ ಬೊಟ್ಟುಗಳು ದಟ್ಟವಾಗಿದ್ದು ಅದು ತೆಪ್ಪಗಿರುತ್ತದೆ, ಜೀನು ಸರಿಯಾಗಿ ಓದಲ್ಪಡುತ್ತದೆ. ಕ್ಯಾಲಸ್ ಹಾದಿಯಲ್ಲಿ ಬೊಟ್ಟು ಅಳಿಸಿಹೋದ ಸಸಿಗಳಲ್ಲಿ ಓದು ಆ ತುಣುಕಿನ ಬಳಿ ಅರ್ಧಕ್ಕೇ ನಿಂತುಬಿಡುತ್ತದೆ. ಕೇಸರದ ಕೋಶಕ್ಕೆ ತಾನು ಕೇಸರವೆಂಬುದು ಮರೆತುಹೋಗುತ್ತದೆ. ಆ ತುಣುಕಿಗೆ ವಿಜ್ಞಾನಿಗಳು ಇಟ್ಟ ಹೆಸರು ‘ಕರ್ಮ’. ಬೊಟ್ಟು ಉಳಿದದ್ದು ಒಳ್ಳೆಯ ಕರ್ಮ, ಅಳಿದದ್ದು ಕೆಟ್ಟ ಕರ್ಮ ಎಂದು ಅವರೇ ಕರೆದಿದ್ದಾರೆ. ನಮ್ಮ ಹಳ್ಳಿಯ ಹಿರಿಯರು ಕೇಳಿದ್ದರೆ ನಕ್ಕಾರು. ಇದರಿಂದ ಒಂದು ಪ್ರಯೋಜನವಾಯಿತು. ಸಸಿಯ ಎಲೆಯ ಚೂರು ಪರೀಕ್ಷಿಸಿ, ದೋಷದ ಸಸಿಯನ್ನು ತೋಟಕ್ಕೆ ಹೋಗುವ ಮೊದಲೇ ತೆಗೆದುಹಾಕುವ ದಾರಿ ಸಿಕ್ಕಿತು. ತುಂಗಭದ್ರಾ, ಭದ್ರಾ, ಕಬಿನಿ ಅಚ್ಚುಕಟ್ಟುಗಳಲ್ಲಿ ನಮ್ಮ ರೈತರು ನೆಟ್ಟಿರುವುದು ಹೆಚ್ಚಾಗಿ ಟೆನೆರಾ ಮಿಶ್ರತಳಿಯ ಬೀಜದ ಸಸಿಗಳಾದ್ದರಿಂದ ಅವರಿಗೆ ಈ ಭಯವಿಲ್ಲ.

ಹಾಗಾದರೆ ಅಂಗಾಂಶ ಕೃಷಿಯ ಬಾಳೆಯ ಗತಿಯೇನು ಎಂದು ಕೇಳಬಹುದು. ಬಾಳೆಯಲ್ಲಿ ಸಾಮಾನ್ಯವಾಗಿ ಕಂದಿನ ಗಡ್ಡೆಯೊಳಗಿನ ಸುಳಿಮೊಗ್ಗನ್ನೇ ತೆಗೆದು, ಹಾರ್ಮೋನು ಕೊಟ್ಟು ಅದರ ಪಕ್ಕದಲ್ಲೇ ಮತ್ತಷ್ಟು ಮೊಗ್ಗುಗಳನ್ನು ಎಬ್ಬಿಸುತ್ತಾರೆ. ಸುಳಿ ಸುಳಿಯಾಗಿಯೇ ಉಳಿಯುತ್ತದೆ, ಕ್ಯಾಲಸ್ ಮುದ್ದೆಯ ಹಾದಿ ಇಲ್ಲ. ಆದುದರಿಂದ ಅಪಾಯ ಬಹಳ ಕಡಿಮೆ, ಆದರೆ ಪೂರ್ತಿ ಇಲ್ಲವೆನ್ನುವಂತಿಲ್ಲ. ಒಂದೇ ಸುಳಿಯನ್ನು ಅತಿಯಾಗಿ ಮತ್ತೆ ಮತ್ತೆ ಪಾಲುಮಾಡುತ್ತ ಹೋದರೆ ತಪ್ಪುಗಳು ಸೇರಿಕೊಳ್ಳುತ್ತವೆ. ಒಳ್ಳೆಯ ಪ್ರಯೋಗಾಲಯಗಳು ಕೆಲವೇ ಸುತ್ತುಗಳ ನಂತರ ತೋಟದಿಂದ ಹೊಸ ಕಂದು ತಂದು ಕೆಲಸ ಮೊದಲಿನಿಂದ ಆರಂಭಿಸುವುದು ಇದಕ್ಕೇ. ಸಸಿ ಅಗ್ಗವಾಗಿ ಸಿಕ್ಕಿತೆಂದು ಹೆಸರು ವಿಳಾಸವಿಲ್ಲದವರಿಂದ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ವ್ಯವಸ್ಥೆಯಲ್ಲಿ ಪ್ರಮಾಣೀಕರಿಸಿದ ಸಸಿಯೇ ಎಂದು ವಿಚಾರಿಸಿ ಕೊಳ್ಳಿರಿ.

ಜಿ-9 ಮೊದಲಾದ ಕ್ಯಾವೆಂಡಿಷ್ ಗುಂಪಿನ ಬಾಳೆಯಲ್ಲಿ ಹೆಚ್ಚಾಗಿ ಕಂಡುಬರುವ ದೋಷ ಗಿಡ್ಡತನ. ಎಲೆ ಉದ್ದಕ್ಕೆ ಹೋಲಿಸಿದರೆ ತೀರ ಅಗಲವಾಗಿ, ಒಂದರ ಮೇಲೊಂದು ಒತ್ತಾಗಿ ಕೂತಿರುತ್ತದೆ. ಎಲೆಯಲ್ಲಿ ಬಿಳಿಚಿದ ಮಚ್ಚೆಗಳಿದ್ದು ಅಂಚು ಅಂಕುಡೊಂಕಾಗುವುದು ಇನ್ನೊಂದು ಬಗೆ. ಇಂಥ ಸಸಿಗಳನ್ನು ನೆರಳುಮನೆಯ ಚೀಲದಲ್ಲಿರುವಾಗಲೇ ಪಕ್ಕದ ಸಸಿಗಳೊಂದಿಗೆ ಹೋಲಿಸಿ ಬೇರ್ಪಡಿಸಬಹುದು. ಹೊಲಕ್ಕೆ ನೆಟ್ಟ ಮೇಲೆ ಒಂದೆರಡು ತಿಂಗಳೊಳಗೆ ಸಾಲಿನಲ್ಲಿ ನಡೆದು ನೋಡಿ, ಹಾಗೆ ಕಂಡದ್ದನ್ನು ಕಿತ್ತು ಬೇರೆ ಸಸಿ ಹಾಕಿರಿ. ಗಿಡ್ಡ ಗಿಡದ ಗಡ್ಡೆಯಿಂದ ಬರುವ ಕಂದುಗಳೂ ಗಿಡ್ಡವಾಗಿಯೇ ಬರುವುದು ಸಾಮಾನ್ಯ. ಕೂಳೆ ಬೆಳೆಗೆ ಅಂಥ ಗಿಡದ ಕಂದನ್ನು ಬಿಡಬೇಡಿ.